ಎತ್ತಿ ಕುಡಿಸಿದ ಟೀ

ಟೀ ಬಾಯಿಯ ಎಡಗಡೆಯಿಂದ ಸೋರಿತು.

ಮೊದಲು ಕಂಡದ್ದು ಅಷ್ಟೇ. ಬೆಳಿಗ್ಗೆ ಏಳೂವರೆ ಇರಬೇಕು. ಕೊಳ್ಳೇಗಾಲದ ನಮ್ಮ ಮನೆಯ ಜಗುಲಿಯಲ್ಲಿ ನಮ್ಮ ಯಜಮಾನರು ಎಂದಿನಂತೆ ಗಾಜಿನ ಲೋಟ ಹಿಡಿದು ಕೂತಿದ್ದರು. ನಾನು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಬಿಳಿ ಬನಿಯನ್ ಮೇಲೆ ಹಳದಿ ಗೆರೆ ಇಳಿಯುವುದು ಕಂಡು ನನಗೆ ರೇಗಿತು. "ಏನ್ರೀ ಇದು, ಎಳೆ ಮಗು ತರ ಚೆಲ್ಕತಾ ಇದ್ದೀರಿ? ಒಗೆಯೋಳು ನಾನಲ್ವಾ?" ಎಂದೆ. ಅವರು ಏನೋ ಅಂದರು. ಮಾತು ತೊದಲಿತು. ನನ್ನನ್ನು ರೇಗಿಸಲು ಹಾಗೆ ಮಾಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಲೋಟ ಕೆಳಗೆ ಬಿತ್ತು.

ಆ ತೊದಲು ಕೇಳಿ ನಾನು ನಕ್ಕಿದ್ದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕುಂತೂರಿನಲ್ಲಿರುವ ಮೈದುನ ಕುಮಾರನಿಗೆ ಫೋನ್ ಮಾಡಿದೆ. ಕಬ್ಬಿನ ಗದ್ದೆಯಿಂದ ಕೆಸರುಗಾಲಲ್ಲೇ ಬೈಕ್ ಹತ್ತಿ ಬಂದ. ಆಂಬುಲೆನ್ಸ್‌ನಲ್ಲಿ ಮೈಸೂರಿಗೆ ಹೋದೆವು. ದಾರಿಯುದ್ದಕ್ಕೂ ಮಾದಪ್ಪಾ, ಮಾದಪ್ಪಾ ಎನ್ನುವುದು ಬಿಟ್ಟರೆ ನನ್ನ ಬಾಯಲ್ಲಿ ಬೇರೆ ಮಾತಿರಲಿಲ್ಲ. ಸಿಟಿ ಸ್ಕ್ಯಾನ್, ಎಂಆರ್‌ಐ ಆಯಿತು. ಡಾಕ್ಟರು ಕರೆದು ಹೇಳಿದರು: ಸ್ಟ್ರೋಕ್, ಮೆದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿದೆ.

ಜೀವ ಉಳಿಯಿತು. ವಾರದಲ್ಲಿ ಕೈಕಾಲು ಸ್ವಲ್ಪ ಸ್ವಲ್ಪ ಆಡತೊಡಗಿದವು. ಆದರೆ ನುಂಗುವುದು ಮರೆತುಹೋಗಿತ್ತು. ತಮ್ಮ ಎಂಜಲನ್ನೇ ನುಂಗಲಾರದೆ ಟವೆಲ್‌ಗೆ ಒರೆಸಿಕೊಳ್ಳುತ್ತಿದ್ದರು. ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿದರು. ನುಂಗುವುದನ್ನು ಕಲಿಸುವ ಥೆರಪಿಸ್ಟ್ ಎಂದು ಒಬ್ಬಳು ಬಂದಳು, ನನ್ನ ಮಗಳಿಗಿಂತ ಚಿಕ್ಕವಳು. "ಅಮ್ಮ, ನೀರು, ಟೀ, ಮಜ್ಜಿಗೆ, ತೆಳ್ಳಗಿರೋದು ಯಾವುದೂ ಬಾಯಲ್ಲಿ ಕೊಡಬೇಡಿ. ಗಂಟಲು ಸರಿಯಾದ ಸಮಯಕ್ಕೆ ಮುಚ್ಚಿಕೊಳ್ತಿಲ್ಲ. ಹೊಟ್ಟೆಗೆ ಹೋಗೋ ಬದಲು ಶ್ವಾಸಕೋಶಕ್ಕೆ ಹೋಗುತ್ತೆ."

"ಟೀನೂ ಬ್ಯಾಡ್ವಾ?"

"ಟೀ ಮೊದಲೇ ಬೇಡ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಅನ್ನ ಬಿಟ್ಟು ಇರಿ ಅಂದರೆ ಈ ಮನುಷ್ಯ ಇರುತ್ತಾರೆ. ಟೀ ಬಿಟ್ಟು ಹೇಗಿರುತ್ತಾರೆ?

ಅವರ ಟೀ ಹುಚ್ಚಿನ ಕಥೆ ಹೇಳಬೇಕು. ಮೂವತ್ತು ವರ್ಷ ಅವರು ರೇಷ್ಮೆ ಫ್ಯಾಕ್ಟರಿಯಲ್ಲಿ ದುಡಿದವರು. ಬಿಸಿನೀರಿನಲ್ಲಿ ಗೂಡು ಬೇಯಿಸಿ, ಎಳೆಯ ತುದಿ ಹಿಡಿದು ನೂಲು ಬಿಚ್ಚುವ ಕೆಲಸ. ಅಲ್ಲಿಗೊಮ್ಮೆ ಚೀನಾದಿಂದ ಆಟೋಮ್ಯಾಟಿಕ್ ಮೆಷಿನ್ ಬಂತು. ಅದನ್ನು ಕೂರಿಸಲು ಚೆನ್ ಎಂಬ ಮೆಕ್ಯಾನಿಕ್ ಬಂದು ಎಂಟು ತಿಂಗಳು ನಮ್ಮೂರಲ್ಲೇ ಉಳಿದ. ಎರಡನೇ ವಾರಕ್ಕೇ ಊರವರ ಬಾಯಲ್ಲಿ ಅವನು ಚೆನ್ನಪ್ಪನಾದ. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಮೊದಲ ಸಲ ಮುದ್ದೆಯನ್ನು ಅಗಿದು ಅಗಿದು ಸುಸ್ತಾದ. "ಅಗೀಬ್ಯಾಡ ಕಣಪ್ಪಾ, ನುಂಗು" ಎಂದು ನಾನು ನನ್ನ ಗಂಟಲು ಮುಟ್ಟಿ ತೋರಿಸಿದ್ದೆ. ನಮ್ಮವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಎಂಥ ದಿನಗಳು ಅವು!

ಚೆನ್ನಪ್ಪನ ಕೈಯಲ್ಲಿ ಯಾವಾಗಲೂ ಒಂದು ಗಾಜಿನ ಫ್ಲಾಸ್ಕ್. ತಳದಲ್ಲಿ ಟೀ ಎಲೆ, ಮೇಲೆ ಬಿಸಿನೀರು. ಹಾಲಿಲ್ಲ, ಸಕ್ಕರೆ ಇಲ್ಲ. ನೀರು ಮುಗಿದಂತೆ ಅದೇ ಎಲೆಗೆ ಮತ್ತೆ ನೀರು. "ಇದೇನ್ರೀ, ಪಾತ್ರೆ ತೊಳೆದ ನೀರು" ಎಂದು ನಾನು ಮೂಗು ಮುರಿದಿದ್ದೆ. ನಮ್ಮವರಿಗೆ ಅದೇ ಹಿಡಿಸಿತು. ಸಂಜೆ ಇಬ್ಬರೂ ಜಗುಲಿಯಲ್ಲಿ ಕೂತು, ಎಲೆಗಳು ಒಂದೊಂದೇ ತಳಕ್ಕೆ ಇಳಿಯುವುದನ್ನು ನೋಡುತ್ತಿದ್ದರು. ಇವರಿಗೆ ಚೀನೀ ಬಾರದು, ಅವನಿಗೆ ಕನ್ನಡ ಬಾರದು. ನಡುವೆ ಅವನ ಫೋನು ಅನುವಾದ ಮಾಡುತ್ತಿತ್ತು. ಒಂದು ದಿನ ಇವರು ಎಲೆ ಬೇಗ ಇಳಿಯಲಿ ಅಂತ ಚಮಚದಲ್ಲಿ ಕದಡಿದಾಗ ಫೋನು ಹೆಂಗಸಿನ ದನಿಯಲ್ಲಿ "ದಯವಿಟ್ಟು ಎಲೆಯನ್ನು ಅವಸರಪಡಿಸಬೇಡಿ ಮಾನ್ಯರೇ" ಎಂದಿತು. ಆಮೇಲೆ ನಮ್ಮ ಮನೆಯಲ್ಲಿ ನಾನು ಯಾವುದಕ್ಕೆ ಅವಸರ ಮಾಡಿದರೂ ಅವರು ಅದೇ ಮಾತು ಹೇಳಿ ನನ್ನ ಪಿತ್ತ ನೆತ್ತಿಗೇರಿಸುತ್ತಿದ್ದರು.

ದಾವೊ ಎಂಬ ಹೆಸರು ಮನೆಗೆ ಬಂದದ್ದು ಹಾಗೆ. ಚೆನ್ನಪ್ಪನ ದೇಶದಲ್ಲಿ ಬಹಳ ಹಿಂದಿನಿಂದ ಇರುವ ವಿಚಾರವಂತೆ. "ದಾವೊ ಅಂದ್ರೆ ದಾರಿ ಕಣಮ್ಮಿ. ನೀರು ತನ್ ದಾರಿ ತಾನೇ ನೋಡ್ಕತದೆ ನೋಡು, ಅಂಗೆ. ನಾವು ಬಲವಂತ ಮಾಡ್ಬಾರ್ದು" ಎಂದರು ಇವರು.

"ಅಂಗಂತ ನಲ್ಲಿ ಕೆಳಗೆ ಬಿಂದಿಗೆ ಇಡ್ದೆ ಕೂತ್ರೆ ನೀರು ಮನೆಗೆ ಬತ್ತದಾ?"

"ಬಿಂದಿಗೆ ಇಡು. ತುಂಬೋ ಗಂಟ ನಲ್ಲಿನ ಬಯ್ಬ್ಯಾಡ. ಅಷ್ಟೇಯ."

ಸೋಮಾರಿತನಕ್ಕೆ ಚೀನಾದ ಹೆಸರು ಎಂದು ನಾನು ಹಂಗಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಅವರು ಸೋಮಾರಿಯಾಗಿರಲಿಲ್ಲ. ಫ್ಯಾಕ್ಟರಿಯಲ್ಲಿ ಎಳೆ ಪದೇಪದೇ ತುಂಡಾದಾಗ ಬೇರೆಯವರು ಕೂಗಾಡಿದರೆ ಇವರು ಹೋಗಿ ಮೆಷಿನ್ನಿನ ವೇಗ ಇಳಿಸಿ, ನೀರಿನ ಬಿಸಿ ನೋಡಿ ನಿಲ್ಲುತ್ತಿದ್ದರು. ಹನೂರಿನ ಆಫೀಸಿನಲ್ಲಿ ಒಂದು ಸಹಿಗಾಗಿ ಇಡೀ ದಿನ ಕೂರಿಸಿದರೂ ನಗುತ್ತಲೇ ಬರುತ್ತಿದ್ದರು. ಕೌದಳ್ಳಿಯಲ್ಲಿ ಬಸ್ಸು ತಪ್ಪಿದಾಗ ನಾನು ಬಸ್ಸಿಗೂ ಡ್ರೈವರಿಗೂ ಸಹಸ್ರನಾಮ ಮಾಡುತ್ತಿದ್ದರೆ, ಇವರು ಅಂಗಡಿಯವನಿಂದ ಬಿಸಿನೀರು ಕೇಳಿ ಜೇಬಿನ ಟೀ ಎಲೆ ಉದುರಿಸಿ ಕುಡಿಯುತ್ತಾ ಕೂತಿದ್ದರು. ಆ ಹೊತ್ತಿನಲ್ಲಿ ಅವರನ್ನು ಕೊಲ್ಲಬೇಕು ಅನ್ನಿಸಿತ್ತು. ಈಗ ಅದೇ ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು ದಿನ ಹಾಗೆ ಕೂರಲು ಸಿಕ್ಕರೆ ಸಾಕು ಅನ್ನಿಸುತ್ತದೆ.

ಇಪ್ಪತ್ತು ದಿನಕ್ಕೆ ಟ್ಯೂಬ್ ಸಮೇತ ಮನೆಗೆ ಕಳಿಸಿದರು. ಕುಮಾರ ಬಂದು ಉಳಿದುಕೊಂಡ. ಎರಡು ಗಂಟೆಗೊಮ್ಮೆ ಅಣ್ಣನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಸಿರಿಂಜ್‌ನಲ್ಲಿ ರಾಗಿ ಗಂಜಿ ಇಳಿಸುತ್ತಿದ್ದ. ನಾನು ಹಿಡಿದರೆ ಗಂಜಿ ಹಾಸಿಗೆ ಮೇಲೆ ಚೆಲ್ಲುತ್ತಿತ್ತು, ಅವನು ಒಂದು ಹನಿ ಚೆಲ್ಲುತ್ತಿರಲಿಲ್ಲ.

ಒಂದು ಮಧ್ಯಾಹ್ನ ಯಳಂದೂರಿನಿಂದ ಮಗಳ ಅತ್ತೆ ಮಾವ ನೋಡಲು ಬಂದರು. ಬೀಗರು ಬಂದಾಗ ಟೀ ಕೊಡದೆ ಕಳಿಸಲಾಗುತ್ತದೆಯೇ? ಏಲಕ್ಕಿ ಜಜ್ಜಿ ಹಾಕಿ, ಹಾಲು ಸಕ್ಕರೆ ಮುಂದು ಮಾಡಿ ಕಾಯಿಸಿ ತಂದೆ. ಅವರು ಮಂಚದ ಪಕ್ಕದಲ್ಲೇ ಕೂತು ಕುಡಿದರು. ನಮ್ಮವರು ಒಂದೊಂದು ಲೋಟವನ್ನೂ ಕಣ್ಣಲ್ಲೇ ಹಿಂಬಾಲಿಸುತ್ತಿದ್ದರು. ಬೀಗರು ಹೋದರು. ಕುಮಾರ ಕಬ್ಬಿನ ಲೋಡ್ ಕಳಿಸಿ ಬರುತ್ತೇನೆ ಅಂತ ಕುಂತೂರಿಗೆ ಹೋದ. ಪಾತ್ರೆಯಲ್ಲಿ ಅರ್ಧ ಲೋಟ ಟೀ ಉಳಿದಿತ್ತು. ಅವರು ಅದನ್ನು ನೋಡಿದರು. ನನ್ನನ್ನು ನೋಡಿದರು.

ನನಗೆ ತಡೆಯಲಾಗಲಿಲ್ಲ.

ನಾನು ಬಂಡಳ್ಳಿಯವಳು. ನಮ್ಮ ಮನೆಯಲ್ಲಿ ಲೋಟ ಕಚ್ಚಿ ಕುಡಿದರೆ ಅಜ್ಜಿ ತಲೆಗೆ ಮೊಟಕುತ್ತಿದ್ದಳು. ತುಟಿ ತಾಗಿದರೆ ಎಂಜಲು. ನೀರೋ, ಮಜ್ಜಿಗೆಯೋ, ಕಾಫಿಯೋ, ಏನಿದ್ದರೂ ತಲೆ ಹಿಂದಕ್ಕೆ ಮಾಡಿ ಎತ್ತಿ ಕುಡಿಯಬೇಕು. ಕಾಯಿಲೆಯವರಿಗೂ ಗದ್ದ ಎತ್ತಿ ಹಿಡಿದು ಸಣ್ಣಗೆ ಧಾರೆ ಬಿಡುವುದೇ ನಮ್ಮ ಕ್ರಮ. ಇವರಿಗೂ ಹಾಗೇ ಮಾಡಿದೆ. ತಲೆಯನ್ನು ನನ್ನ ತೋಳಿನ ಮೇಲೆ ಹಿಂದಕ್ಕೆ ಒರಗಿಸಿ ಆರಿದ ಟೀಯನ್ನು ಎತ್ತಿ ಕುಡಿಸಿದೆ. ಮೊದಲ ಗುಟುಕು ಇಳಿಯಿತು. ಕಣ್ಣು ಮುಚ್ಚಿಕೊಂಡರು. ಎರಡನೆಯದೂ ಇಳಿಯಿತು. ಮೂರನೆಯದಕ್ಕೆ ಕೆಮ್ಮಿದರು. ಬೆನ್ನು ಸವರಿದೆ. ಸರಿಹೋಯಿತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಮೈ ಕೆಂಡವಾಗಿತ್ತು. ಉಸಿರು ಗೊರಗೊರ ಎನ್ನುತ್ತಿತ್ತು.

ಮತ್ತೆ ಮೈಸೂರು, ಮತ್ತೆ ಐಸಿಯು. ಆಸ್ಪಿರೇಶನ್ ನ್ಯುಮೋನಿಯಾ ಎಂದರು. ಡಾಕ್ಟರು ನನ್ನನ್ನು ಕೇಳಿದರು: "ಬಾಯಲ್ಲಿ ಏನಾದರೂ ಕೊಟ್ಟಿರಾ?"

"ಇಲ್ಲ" ಎಂದೆ.

ಯಾಕೆ ಹಾಗಂದೆನೋ. ಹೆದರಿಕೆಗೆ ನಾಲಗೆ ತಾನಾಗಿ ಹೊರಳಿತು. ಡಾಕ್ಟರು ಕುಮಾರನ ಕಡೆ ತಿರುಗಿದರು. "ಟ್ಯೂಬ್‌ನಲ್ಲಿ ಹಾಕ್ತಿದ್ದವರು ಯಾರು? ಮಲಗಿಸಿಕೊಂಡೇ ಹಾಕಿದ್ದೀರಿ, ವಾಪಸ್ ಮೇಲಕ್ಕೆ ಬಂದಿದೆ." ಕುಮಾರ "ನಾನೇ ಸಾ" ಎಂದು ತಲೆ ತಗ್ಗಿಸಿದ. ಅವರು ಬೈದದ್ದನ್ನೆಲ್ಲ ಬೈಸಿಕೊಂಡ. ನಾನು ಪಕ್ಕದಲ್ಲೇ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ಐಸಿಯು ಹೊರಗೆ ಕೂತು ಅವನು ಹೇಳುತ್ತಿದ್ದ. "ಅತ್ಗೆ, ನಾನು ಎತ್ತಿ ಕೂರುಸೇ ಆಕ್ತಿದ್ದೆ. ಅದೆಂಗಾಯ್ತೋ ಕಾಣೆ. ಅಣ್ಣನ್ನ ನನ್ ಕೈಯಾರೆ ಕೊಂದ್ಬುಡ್ತಿದ್ನಲ್ಲ." ಅವತ್ತಿಂದ ಅವನು ಸಿರಿಂಜ್ ಮುಟ್ಟಲಿಲ್ಲ. ನರ್ಸ್ ಕೈಗೆ ಕೊಟ್ಟು ದೂರ ನಿಲ್ಲುತ್ತಿದ್ದ. ಹೇಳಿಬಿಡಬೇಕು ಎಂದು ದಿನಕ್ಕೆ ಹತ್ತು ಸಲ ಬಾಯಿ ತೆರೆದೆ. ಹತ್ತು ಸಲವೂ "ಊಟ ಮಾಡಿದ್ಯಾ ಕುಮಾರ?" ಎಂದೆ. ನನ್ನಷ್ಟು ಹೇಡಿ ಇನ್ನೊಬ್ಬಳಿಲ್ಲ.

ಎಂಟನೇ ದಿನ ಜ್ವರ ಇಳಿದು ವಾರ್ಡಿಗೆ ತಂದರು. ನರ್ಸ್ ಒಂದು ಫಾರಂ ತಂದಿಟ್ಟಳು. ಟ್ಯೂಬ್‌ನಲ್ಲಿ ಹಾಕಿದ್ದೇ ಶ್ವಾಸಕೋಶಕ್ಕೆ ಹೋಗುತ್ತಿದ್ದರೆ ಬೇರೆ ದಾರಿಯಿಲ್ಲ, ಹೊಟ್ಟೆಗೇ ತೂತು ಮಾಡಿ ನಳಿಕೆ ಕೂರಿಸಬೇಕು, ನುಂಗುವ ಆಸೆ ಸದ್ಯಕ್ಕೆ ಬಿಡಿ ಎಂದು ಡಾಕ್ಟರು ವಿವರಿಸಿದರು. ಕುಮಾರ ನನ್ನ ಪಕ್ಕದಲ್ಲಿದ್ದ. ಥೆರಪಿಸ್ಟ್ ಹುಡುಗಿಯೂ ಇದ್ದಳು. ಪೆನ್ನು ನನ್ನ ಕೈಯಲ್ಲಿತ್ತು.

"ಟ್ಯೂಬಿಂದಲ್ಲ ಡಾಕ್ಟ್ರೇ. ನಾನು ಟೀ ಕುಡಿಸಿದ್ದೆ."

ಡಾಕ್ಟರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಫಾರಂ ತೆಗೆದು ನರ್ಸ್ ಕೈಗೆ ಕೊಟ್ಟು, "ಮೊದಲೇ ಹೇಳಬೇಕಿತ್ತಮ್ಮ" ಎಂದರು, ಅಷ್ಟೇ. ಕುಮಾರ ಎದ್ದ. "ಎಂಟು ದಿನ ಅತ್ಗೆ. ಎಂಟು ದಿನ ನಾನು ಸರ್ಯಾಗಿ ಉಂಡಿಲ್ಲ" ಎಂದ. ಬ್ಯಾಗ್ ತೆಗೆದುಕೊಂಡು ಕುಂತೂರಿಗೆ ಹೊರಟುಹೋದ. ನಾನು ಕರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯಲಿ?

ಥೆರಪಿಸ್ಟ್ ಹತ್ತಿರ ಕೂತು ಹೇಗೆ ಕುಡಿಸಿದಿರಿ ತೋರಿಸಿ ಎಂದಳು. ಗದ್ದ ಎತ್ತಿ ತೋರಿಸಿದೆ. "ಅಯ್ಯೋ ಅಮ್ಮ! ತಲೆ ಹಿಂದಕ್ಕೆ ಮಾಡಿದರೆ ಉಸಿರಿನ ದಾರಿ ತೆರೆದುಕೊಳ್ಳುತ್ತೆ. ಗದ್ದ ಎದೆಗೆ ತಾಗಬೇಕು. ಚಮಚ ತುಟಿಗೆ ಮುಟ್ಟಬೇಕು." ಐವತ್ತೆಂಟು ವರ್ಷ ಯಾವುದನ್ನು ಎಂಜಲು ಅಂತ ದೂರ ಇಟ್ಟಿದ್ದೆನೋ ಅದನ್ನೇ ನಾನೀಗ ಕಲಿಯಬೇಕಿತ್ತು.

ಆಸ್ಪತ್ರೆಯವರು ಕೊಟ್ಟ ಪುಡಿ ಬೆರೆಸಿ ಗಂಜಿಯ ಹದಕ್ಕೆ ಮಂದ ಮಾಡಿದ ಟೀ. ಅರ್ಧ ಚಮಚ. ಮೊದಲ ದಿನ ನಾನು "ನುಂಗ್ರೀ, ನುಂಗ್ರೀ, ಊಂ, ನುಂಗ್ರೀ" ಎಂದು ಒಂದೇ ಸಮನೆ ಹೇಳುತ್ತಿದ್ದೆ. ಅವರ ಕತ್ತಿನ ನರ ಉಬ್ಬಿತು, ಟೀ ಬಾಯಲ್ಲೇ ಉಳಿಯಿತು. "ಅಮ್ಮ, ನೀವು ಹೇಳಿದಷ್ಟೂ ಗಂಟಲು ಬಿಗಿಯಾಗುತ್ತೆ. ಸುಮ್ಮನೆ ಇರಿ" ಎಂದಳು. ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ತುಟಿ ಕಚ್ಚಿಕೊಂಡು ಕಿಟಕಿ ಕಡೆ ನೋಡುತ್ತಾ ಕೂತೆ. ಹೊರಗೆ ಯಾರೋ ಸೀರೆ ಒಣಗಹಾಕುತ್ತಿದ್ದರು. ಅದು ಪೂರ್ತಿ ಹರಡುವಷ್ಟರಲ್ಲಿ ಪಕ್ಕದಲ್ಲಿ 'ಗುಳುಕ್' ಅಂತ ಸದ್ದಾಯಿತು.

ನುಂಗಿದ್ದರು.

ನನಗೆ ದಾವೊ ಅರ್ಥವಾಯಿತು ಅಂತ ಜಂಬ ಕೊಚ್ಚಿಕೊಳ್ಳಲಾರೆ. ಚಮಚ ತುಟಿಗಿಟ್ಟ ಮೇಲೆ ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿತೆ. ಅದನ್ನೇ ಇಷ್ಟು ವರ್ಷದಿಂದ ಈ ಮನುಷ್ಯ ನನಗೆ ಹೇಳುತ್ತಿದ್ದುದು. ಒಬ್ಬರು ನುಂಗುವುದನ್ನು ಇನ್ನೊಬ್ಬರು ಮಾಡಿಕೊಡಲಾಗುವುದಿಲ್ಲ. ನಾನು ಟೀಯನ್ನು ಹದ ಮಾಡಬಹುದು, ದಿಂಬು ಸರಿಯಾಗಿಡಬಹುದು, ಮಿಕ್ಕಿದ್ದು ಅವರ ಗಂಟಲಿಗೆ ಬಿಟ್ಟದ್ದು. ಬಿಡುವುದು ಎಷ್ಟು ಕಷ್ಟದ ಕೆಲಸ ಅಂತ ಗೊತ್ತಿಲ್ಲದೆ ಅದಕ್ಕೆ ಸೋಮಾರಿತನ ಎಂದು ಹೆಸರಿಟ್ಟಿದ್ದೆನಲ್ಲ, ಛೆ.

ಕುಮಾರ ನಾಲ್ಕನೇ ದಿನ ವಾಪಸ್ ಬಂದ. ನನ್ನ ಜೊತೆ ಮಾತಾಡಲಿಲ್ಲ. ಕೈ ತೊಳೆದುಕೊಂಡು ಬಂದು, ನರ್ಸ್ ಹತ್ತಿರ ಸಿರಿಂಜ್ ಇಸಿದುಕೊಂಡ. "ಕುಮಾರ, ತಪ್ಪಾಯ್ತು ಕಣಪ್ಪ" ಎಂದೆ. "ಆಯ್ತು ಬುಡಿ ಅತ್ಗೆ, ದಿಂಬು ಇಡ್ಕಳಿ" ಎಂದ.

ಮೂರನೇ ತಿಂಗಳಿಗೆ ಟ್ಯೂಬ್ ತೆಗೆದರು. ಈಗ ಮೆತ್ತಗಿನ ಅನ್ನ ಉಣ್ಣುತ್ತಾರೆ. ಮಾತು ನಿಧಾನ, ಆದರೆ ತಿಳಿಯುತ್ತದೆ. ನೀರು ಮತ್ತು ಟೀ ಮಂದ ಮಾಡಿಯೇ ಕೊಡಬೇಕು. ತೆಳ್ಳಗಿನ ಟೀ ಮತ್ತೆ ಕುಡಿಯುತ್ತಾರೋ ಇಲ್ಲವೋ, ಡಾಕ್ಟರಿಗೂ ಗೊತ್ತಿಲ್ಲ. ದಿನ ಬೆಳಿಗ್ಗೆ ಜಗುಲಿಯಲ್ಲಿ ಗದ್ದ ತಗ್ಗಿಸಿ, ಅರ್ಧ ಲೋಟಕ್ಕೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಾರೆ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಮುಂಚೆಯೂ ಹೀಗೆ ಕೂರಬಹುದಿತ್ತು.

ಎಲ್ಲರ ಹತ್ತಿರ ತಪ್ಪು ಒಪ್ಪಿಕೊಂಡಿದ್ದೆ, ಇವರ ಹತ್ತಿರ ಬಿಟ್ಟು. ಹೋದ ವಾರ ಬಾಯಿಗೆ ಬಂತು. "ಅವತ್ತು ನಿಮ್ಗೆ ಎತ್ತಿ ಕುಡ್ಸುದ್ನಲ್ಲ, ನಿಮ್ ಜೀವ ತೆಗೀತಿದ್ದೆ. ಡಾಕ್ಟ್ರ ಮುಂದೆ ಸುಳ್ಳೂ ಹೇಳ್ದೆ. ತಪ್ಪಾಯ್ತು ಕಣ್ರಿ."

ಅವರು ಚಮಚ ಕೆಳಗಿಟ್ಟರು. ಬಾಯಲ್ಲಿದ್ದುದನ್ನು ನುಂಗಿ ಮುಗಿಸಿದರು. ನಾನು ಕಾದೆ.

"ಬಾಯಿ... ನಾನೇ ತಗದ್ನಲ್ಲಮ್ಮಿ. ಬ್ಯಾಡ ಅಂದಿದ್ರೆ... ಮುಚ್ಕಬೋದಿತ್ತು."

ಅವರು ಉಸಿರು ತೆಗೆದುಕೊಂಡು ಇನ್ನೂ ಏನೋ ಹೇಳಲು ಹೊರಟರು. ನಾನು ನಡುವೆ ಬಾಯಿ ಹಾಕಲಿಲ್ಲ.

"ಆ ಟೀ... ಬಲೇ ಚೆನ್ನಾಗಿತ್ತು ಕಣಮ್ಮಿ."

ಇಷ್ಟು ತಿಂಗಳಲ್ಲಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅವತ್ತು ಬೀದಿಯಲ್ಲಿ ಹೋಗುವವರು ನಿಂತು ನೋಡುವ ಹಾಗೆ ಅತ್ತೆ. ಅವರು ಸುಮ್ಮನಿರು ಅನ್ನಲಿಲ್ಲ. ನಾನು ಅತ್ತು ಮುಗಿಸುವ ತನಕ ಹಾಗೇ ಕೂತಿದ್ದರು.