ಹನ್ನೆರಡು ಕುಸುಬಿ ಗಿಡ

ಬೀರಲಿಂಗಪ್ಪನ ಕಾಲು ನೋಡಿದರೆ ಸಾಕು, ಅವನ ನೌಕರಿ ಯಾವುದೆಂದು ತಿಳಿಯುತ್ತಿತ್ತು. ಮೊಣಕಾಲಿನಿಂದ ಕೆಳಗೆಲ್ಲ ಕುಸುಬಿಯ ಮುಳ್ಳು ಗೀಚಿದ ಗೆರೆ. ಎಣ್ಣೆಕಾಳಿನ ಸರಕಾರಿ ಫಾರ್ಮಿನಲ್ಲಿ ಅವನು ಸಹಾಯಕ. ಹನ್ನೊಂದು ವರ್ಷದಿಂದ ಸೈಕಲ್ ತುಳಿದು, ನವಲಗುಂದ ಕುಂದಗೋಳದ ಊರೂರು ಅಲೆದು, ಹಿಡಿ ಹಿಡಿ ನಾಟಿ ಕುಸುಬಿಯ ಬೀಜ ಕೂಡಿಹಾಕಿದ್ದ. “ಕುರಿ ಕಾಯೂದು ಬಿಟ್ಟು ಕಾಳು ಬೇಡೂದು ಹಿಡದೀಯಲ್ಲೋ” ಎಂದು ಅವ್ವ ಕೆಂಚವ್ವ ಚೇಷ್ಟೆ ಮಾಡುತ್ತಿದ್ದಳು.

ತಂದ ಪೊಟ್ಟಣಗಳು ಕಪಾಟಿನಲ್ಲಿ ಮಲಗಿದ್ದವು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತಿದೆಯಲ್ಲ, ಫಾರ್ಮಿನ ಸಾಹೇಬರಿಗೆ ಅದು ಉಸಿರಿನಷ್ಟು ಸಹಜ. ದೂರದಿಂದ ಬಂದ ದಪ್ಪ ಕಾಳಿನ ತಳಿಯ ಮೇಲೆಯೇ ಅವರ ಪ್ರೀತಿ. ಆ ತಳಿಯಲ್ಲಿ ಎಣ್ಣೆಯೇನೋ ಬಹಳ, ಆದರೆ ಪುಷ್ಯಮಾಸದಲ್ಲಿ ರಸ ಹೀರುವ ಕರಿಹೇನು ಹತ್ತಿದರೆ ಗಿಡವೇ ಇಲ್ಲ. ಬೀರಲಿಂಗಪ್ಪ ದಣಿದಿದ್ದ. ಬೈಯುವುದನ್ನೂ ಬಿಟ್ಟಿದ್ದ.

ಎಪ್ಪತ್ನಾಲ್ಕರ ಪುಷ್ಯದಲ್ಲಿ ಮೊರಬದ ರೇವವ್ವನ ಹೊಲದ ಬದುವಿನಲ್ಲಿ ಅವನ ಸೈಕಲ್ ತಾನಾಗಿ ನಿಂತಿತು. ದನ ನುಗ್ಗದಿರಲೆಂದು ಜೋಳದ ಸುತ್ತ ಹಾಕಿದ್ದ ಕುಸುಬಿಯ ಸಾಲೆಲ್ಲ ಹೇನು ಮುತ್ತಿ ಮಸಿಯಾಗಿತ್ತು. ನಡುವೆ ಅಲ್ಲಲ್ಲಿ ಹನ್ನೆರಡು ಸಣಕಲು ಗಿಡ ಮಾತ್ರ ಹಸಿರಾಗಿ ನಿಂತಿದ್ದವು, ಒಂದು ಹೇನೂ ಇಲ್ಲ. ಇವುಗಳ ಗಟ್ಟಿತನವನ್ನು ದಪ್ಪ ಕಾಳಿನ ತಳಿಗೆ ಕೂಡಿಸಿದರೆ? ಹನ್ನೆರಡಕ್ಕೂ ಕೆಂಪು ದಾರ ಕಟ್ಟಿ, “ಇವುಗಳ ಕಾಳು ಬ್ಯಾರೆ ಇಡ್ರಿ, ಬಂದು ಒಯ್ಯತೇನಿ” ಎಂದು ರೇವವ್ವನಿಗೆ ಹೇಳಿದ. ಯಾಕೆಂದು ಹೇಳಲಿಲ್ಲ. ಹೊಲದವರಿಗೆ ಹೇಳಿದರೆ ಏನು ತಿಳಿದೀತು ಎಂಬ ಸಾಹೇಬಗಿರಿ ಹನ್ನೊಂದು ವರ್ಷದಲ್ಲಿ ಅವನಿಗೂ ಅಂಟಿತ್ತು.

ಸುಗ್ಗಿಯ ಹೊತ್ತಿಗೆ ಸಾಹೇಬರು ಅವನನ್ನು ಗುಡಗೇರಿಯಲ್ಲಿ ಗೊಬ್ಬರದ ಚೀಲ ಇಳಿಸಿಕೊಳ್ಳಲು ಕೂರಿಸಿದರು. ಬಿಡುಗಡೆಯಾಗಿ ಮೊರಬ ಮುಟ್ಟಿದಾಗ ಹತ್ತು ದಿನ ತಡವಾಗಿತ್ತು.

ರೇವವ್ವ ಮರೆತಿರಲಿಲ್ಲ. ಇಬ್ಬನಿಗೆ ಮುಳ್ಳು ಮೆತ್ತಗಿರುವಾಗಲೇ, ಕೈಗೆ ಅರಿವೆ ಸುತ್ತಿಕೊಂಡು ಆ ಹನ್ನೆರಡನ್ನೂ ತಾನೇ ಕೊಯ್ದು, ಬೇರೆಯಾಗಿ ಬಡಿದಿದ್ದಳು. ಈಗ ಒಳಗಿನಿಂದ ಗಂಟು ತಂದಿಟ್ಟಳು. ಬೀರಲಿಂಗಪ್ಪ ಬಿಚ್ಚಿದ. ಮುತ್ತಿನಂಥ ದಪ್ಪ ಬಿಳಿ ಕಾಳು.

“ಇವು ಆ ಗಿಡದ್ದಲ್ಲರಿ, ಅವ್ವಾರ.”

“ಅಲ್ರಿ. ಅವು ಬರೇ ಸಣ್ಣ, ಕಂದು ಬಣ್ಣದ ಕಾಳು. ಬೀಜ ಕೇಳಿ ಬಂದವರಿಗೆ ಅಂಥಾವು ಕೊಟ್ಟರ ನಾಳೆ ಅವರ ಹೊಲ ನಮ್ಮನ್ನ ಶಪಿಸತೈತಿ. ನಮ್ಮ ಅತ್ತಿ ಕಲಿಸಿದ್ದು. ಅದಕ್ಕ ಇಡೀ ರಾಶ್ಯಾಗ ಒಂದೊಂದು ಆರಿಸಿ ಇಟ್ಟೇನಿ. ಕಣ್ಣು ನೋವು ಬಂದಾವು.”

“ಮತ್ತ ಅವು?”

“ಉಳಿದ ಕಾಳಿನ ಜೋಡಿ ಗಾಣಕ್ಕ ಹೋದುವು. ನಿನ್ನಿ ಎಣ್ಣಿ ಬಂತು.”

ಅವನು ಕಣಕ್ಕೆ ಹೋಗಿ ಕುಕ್ಕುರುಗಾಲಲ್ಲಿ ಕುಳಿತು, ಉದುರಿದ ಒಂದು ಕಾಳಾದರೂ ಸಿಕ್ಕೀತೇ ಎಂದು ಬೆರಳಿನಿಂದ ಮಣ್ಣು ಕೆದರಿದ. ಸೆಗಣಿ ಸಾರಿಸಿದ ನೆಲ ಕನ್ನಡಿಯಂತಿತ್ತು. ಬಿತ್ತನೆಗೆ ಇಟ್ಟದ್ದೂ ದಪ್ಪ ಬಿಳಿಯದೇ ಎಂದು ಅವಳು ಹೆಮ್ಮೆಯಿಂದ ಹೇಳಿದಳು. ಅಂದರೆ ಮುಂದಿನ ವರ್ಷ ಬದುವಿನಲ್ಲಿಯೂ ಆ ಗಿಡ ಏಳುವುದಿಲ್ಲ. ಅವನಿಗೆ ಅಳು ಬಂತು, ಆದರೆ ಅಳುವಷ್ಟು ಕಸುವೂ ಉಳಿದಿರಲಿಲ್ಲ.

ರೇವವ್ವ ಕರೆದು ತಾಟು ಇಟ್ಟಳು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಅದರ ಮೇಲೆ ಹೊಸ ಕುಸುಬಿ ಎಣ್ಣೆ ಧಾರಾಳವಾಗಿ ಸುರಿದಳು. ಬೀರಲಿಂಗಪ್ಪ ತಾಟನ್ನೇ ನೋಡುತ್ತ ಕುಳಿತ. ಮುಖ ಕಂಡು ಅವಳಿಗೆ ಏನೋ ಸಂಶಯ ಬಂತು.

“ಏನಾತ್ರಿ? ಖರೇ ಹೇಳ್ರಿ.”

ಅವನು ಮೊದಲ ಸಲ ಎಲ್ಲ ಬಿಡಿಸಿ ಹೇಳಿದ. ಹೇನು, ಹಸಿರಾಗಿ ನಿಂತ ಗಿಡ, ಎರಡು ತಳಿ ಕೂಡಿಸುವ ಬಗೆ. ಅವಳಿಗೆ ಒಂದು ಮಾತೂ ತಿಳಿಯದೆ ಹೋಗಲಿಲ್ಲ. ಎಣ್ಣೆಯ ಗಿಂಡಿ ಹಿಡಿದ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

“ಇಷ್ಟು ಆವತ್ತೇ ಹೇಳಿದ್ದರ, ಆ ಸಣ್ಣ ಕಾಳು ಹಾಸಿಗ್ಯಾಗ ಇಟ್ಟುಕೊಂಡು ಕಾಯತಿದ್ದೆನಲ್ಲೋ ತಮ್ಮಾ.”

ಬೀರಲಿಂಗಪ್ಪ ರೊಟ್ಟಿ ಮುರಿದು, ಎಣ್ಣೆಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡ.