ಹಾವುಮೀನ ಅಳೀಲಿಕ್ಕ ಹೋಗಿ

ಗೆಳೆಯರೇ, ಇವತ್ತ ಶಹಾಬಾದ ಹತ್ರ ಕಾಗಿಣಾ ಹೊಳಿ ದಂಡಿಗೆ ಆದ ನನ್ನ ಫಜೀತಿ ಕೇಳ್ರಿ. ಉದ್ದನ್ನ ಮೀನ ಹಿಡಿದವರಿಗೆ ಸೋತವರು ವರ್ಷಪೂರ್ತಿ ‘ಉಸ್ತಾದ್’ ಅನಬೇಕಂತ ನಮ್ಮೂರ ಕಾಸಿಂಸಾಬಗೂ ಮಲ್ಲಪ್ಪಗೂ ಪಂಥ ಬಿದ್ದಿತ್ತು. ನಾ ಮೀನ ತಿನ್ನದ ಉರ್ದು ಸಾಲಿ ಮಾಸ್ತರ, ಪಕ್ಷಪಾತ ಮಾಡಂಗಿಲ್ಲಂತ ಅಳೀಲಿಕ್ಕ ನನ್ನ ಕೈಗೆ ಗಜಕಡ್ಡಿ ಕೊಟ್ಟರು.

ಕಾಸಿಂಸಾಬನ ಮೀನ ಒಂದು ಮೊಳ ತುಂಬಿತು. ಮಲ್ಲಪ್ಪ ತಂದಿದ್ದು ಅದಕ್ಕಿಂತ ಭಾಳ ಉದ್ದನ್ನ ಹಾವುಮೀನ.

“ಇದು ಹಾವು, ಲೆಕ್ಕಕ್ಕಿಲ್ಲ!” ಅಂದ ಕಾಸಿಂಸಾಬ.

“ಕಿವಿರು ನೋಡ್ರಿ ಮಾಸ್ತರ, ಇದು ಮೀನೇ ಅದ!” ಅಂದ ಮಲ್ಲಪ್ಪ.

ಕಿವಿರು ಹುಡುಕಲಿಕ್ಕ ಅದನ್ನ ಹಿಡಿದೆ. ಮುಂಗೈಗೆ ಸುತ್ತಿಕೊಂತು. ನಾ ಚೀರಿ ಕೈ ಝಾಡಿಸಿ ಹಿಂದಕ್ಕ ಜಿಗಿದೆ, ಕಾಲು ಕಾಸಿಂಸಾಬನ ಬುಟ್ಟಿಗೆ ಬಡೀತು. ಎರಡೂ ಮೀನ ಹೊಳಿ ಪಾಲಾದವು.

“ಈ ಮಾಸ್ತರಗ ಕರೆದವರು ಯಾರು?” ಅಂತ ಇಬ್ಬರೂ ಒಂದೇ ದನಿಲೆ ಬೈದರು. ಮುಂಜಾನಿಯಿಂದ ಅವರಿಬ್ಬರೂ ಒಪ್ಪಿದ ಮಾತು ಇದೊಂದೇ.