ಕಡಲನ್ನು ತಾಯಿ ಎನ್ನುವುದು

ಕಾರವಾರದ ಕಾಲೇಜಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ರೂಪಕವೆಂದರೆ ಅಲಂಕಾರ, ಒಂದನ್ನು ಇನ್ನೊಂದೇ ಎಂದು ಹೇಳುವುದು ಎಂದು ಪ್ರತಿ ವರ್ಷ ಅದೇ ಪಾಠ ಒಪ್ಪಿಸುತ್ತೇನೆ. ಅಲಂಕಾರವಂತೆ, ಬೇಡವಾದಾಗ ಬಿಚ್ಚಿಡಬಹುದಾದ ಒಡವೆಯ ಹಾಗೆ. ಮೀನುಗಾರರ ಊರು ಕೇಣಿಯ ನಮ್ಮ ಮನೆಯಲ್ಲಿ ಆಯಿ, ನನ್ನಮ್ಮ, ಅದನ್ನು ಬಿಚ್ಚಿಡಲು ಹೋದದ್ದನ್ನು ಕಂಡ ಮೇಲೆ ಆ ಪಾಠ ಮಾಡುವಾಗ ನನಗೆ ಸಿಟ್ಟೇ ಬರುತ್ತದೆ.

ಮಳೆಗಾಲ ಶುರುವಾಗುವ ಮುಂಚೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ನನ್ನ ತಮ್ಮ ಸತ್ತ. ಮರುದಿನ ಹೆಣ ದಡಕ್ಕೆ ಬಂತು. ಸಮಾಧಾನ ಹೇಳಲು ಬಂದವರ ಬಾಯಲ್ಲೆಲ್ಲ ಒಂದೇ ಮಾತು, ಸಮುದ್ರ ತಾಯಿ ಮಗನನ್ನು ಮಡಿಲಿಗೆ ಹಾಕಿಕೊಂಡಳು ಎಂದು. ಯಾರದೂ ಕೆಟ್ಟ ಮನಸ್ಸಲ್ಲ. ಆದರೆ ಹಾಗೆಂದುಬಿಟ್ಟರೆ ಅಳಿವೆಯ ಹೂಳು ಯಾಕೆ ತೆಗೆಸಿಲ್ಲ ಎಂಬ ಮಾತು ಬರುವುದಿಲ್ಲ, ಲೈಫ್ ಜಾಕೆಟ್ ಯಾಕಿರಲಿಲ್ಲ ಎಂದು ಕೇಳುವವರಿರುವುದಿಲ್ಲ. ತಾಯಿಯೇ ಕರೆದುಕೊಂಡಳೆಂದರೆ ತಕರಾರು ಯಾರ ಮೇಲೆ? ಆಯಿ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ತಲೆಯೆತ್ತಿದಳು.

"ಅದು ತಾಯಿ ಆದ್ರೆ, ನಾ ಯಾರು ಹಂಗಾರೆ?"



ಅಂದಿನಿಂದ ಆಯಿ ಕಡಲನ್ನು ನೀರು ಎಂದಷ್ಟೇ ಕರೆದಳು. ನೀರು ಏರಿದೆ, ನೀರು ಇಳಿದಿದೆ, ಅಷ್ಟೇ. ಮಗಳಾದ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಆದರೆ ನೀರನ್ನು ಬೈಯಲು ಬರುವುದಿಲ್ಲ. ಮಗನನ್ನು ಕಳೆದುಕೊಂಡ ನಮ್ಮ ಕೇರಿಯ ಹೆಂಗಸರು ದಡಕ್ಕೆ ಹೋಗಿ, ತಾಯಿಯಾಗಿ ಹೀಗೆ ಮಾಡಬಹುದೇ ಎಂದು ಎದೆ ಬಡಿದುಕೊಂಡು ಶಾಪ ಹಾಕುತ್ತಾರೆ, ಸ್ವಲ್ಪ ಹಗುರಾಗಿ ಮನೆಗೆ ಬರುತ್ತಾರೆ. ಆಯಿಗೆ ಅದೂ ಇಲ್ಲವಾಯಿತು. ಅಳುವುದಕ್ಕೂ ಎದುರಿಗೊಬ್ಬರು ಬೇಕಲ್ಲ. ಮಳೆಗಾಲವಿಡೀ ಬಾಯಿ ಬಿಗಿದುಕೊಂಡೇ ಬೇಯಿಸಿದಳು, ಬಾಯಿ ಬಿಗಿದುಕೊಂಡೇ ಬಡಿಸಿದಳು. ಅವಳು ಒಣಗುತ್ತಿರುವುದನ್ನು ನೋಡಿ ನನಗೆ ಹೆದರಿಕೆಯಾಗತೊಡಗಿತು.

ಶ್ರಾವಣದ ನೂಲ ಹುಣ್ಣಿಮೆ ಬಂತು. ಆ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆಯೇ, ಮಳೆಗೆಂದು ದಡಕ್ಕೇರಿಸಿದ ನಮ್ಮ ದೋಣಿ ಮತ್ತೆ ಇಳಿಯುವುದು. ನಮ್ಮ ಮನೆಯಲ್ಲಿ ಆ ಕಾಯಿಯನ್ನು ಹೆತ್ತವಳೇ ಬಿಡಬೇಕು. ನನ್ನ ಮಗನನ್ನು ನಿನ್ನ ಕೈಗೆ ಕೊಟ್ಟಿದ್ದೇನೆ, ನೋಡಿಕೋ ಎಂದು ಒಬ್ಬ ತಾಯಿ ಇನ್ನೊಬ್ಬಳಿಗೆ ಹೇಳುವ ಕ್ರಮ ಅದು. ನೀರಿಗೆ ಯಾರಾದರೂ ಕಾಯಿ ಕೊಡುತ್ತಾರೆಯೇ ಎಂದು ಆಯಿ ಕೂತಲ್ಲೇ ಕೂತಳು. ಕಾಯಿ ಬಿಡದ ದೋಣಿ ಹತ್ತುವುದಿಲ್ಲವೆಂದು ಮನೆಯ ದೋಣಿ ನಡೆಸುವ ನನ್ನ ಅಣ್ಣನ ಜೊತೆಯವರು ಹಿಂದೆ ಸರಿದರು. ಅಣ್ಣ ಒಬ್ಬನೇ ಹೊರಟ. ಹಠದಲ್ಲಿ ಅವನೇನು ಕಡಿಮೆಯೇ, ಆಯಿಯ ಮಗನಲ್ಲವೇ. ಅವನು ದೋಣಿ ತಳ್ಳುವುದನ್ನು ಕಂಡದ್ದೇ ಆಯಿ ಒಳಗಿನಿಂದ ಕಾಯಿ ತಂದು ಮೊಣಕಾಲುದ್ದ ನೀರಿಗಿಳಿದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ.

"ಸಣ್ಣಂವ ನಿನ್ನ ಮಗನೇ. ಒಪ್ದೆ," ಎಂದಳು. "ಇಂವ ನನ್ನಂವ. ಇವನ್ನ ಮುಟ್ಬೇಡ."

ಸಂಜೆ ಅಣ್ಣ ಮೀನು ತಂದ. ಈಗಲೂ ಹೋಗುತ್ತಾನೆ, ಬರುತ್ತಾನೆ. ಆಯಿ ತಮ್ಮನ ಹೆಸರು ಎತ್ತುವುದಿಲ್ಲ. ಮಕ್ಕಳೆಷ್ಟು ಎಂದು ಹೊಸಬರು ಯಾರಾದರೂ ಕೇಳಿದರೆ, ಇಬ್ಬರು, ಒಬ್ಬ ಮಗ, ಒಬ್ಬಳು ಮಗಳು ಎನ್ನುತ್ತಾಳೆ.